ಮುಗಿತಾಯದ ಮೇಲಣ ಮುನಿಸು

ಕಟ್ಟುಕಥೆಯ ಕೊನೆಯು ತಮಗೊಪ್ಪಲಿಲ್ಲವೆಂದು ಮುನಿದುಕೊಳ್ಳುವವರನ್ನು ಕಂಡು ನಗುವುದು ವಿದ್ಯಾವಂತರಲ್ಲಿ ಒಂದು ವಾಡಿಕೆಯಾಗಿಬಿಟ್ಟಿದೆ. ಇಲ್ಲದ ರಾಣಿಯು ಇಲ್ಲದ ಪಟ್ಟಣವನ್ನು ಸುಟ್ಟರೆ ಇರುವ ಮನುಷ್ಯನು ಊಟ ಬಿಡುವುದೇಕೆ ಎಂದು ಇವರು ಕೇಳುತ್ತಾರೆ. ಉತ್ತರವು ಬೇಕಾಗಿಲ್ಲವೆಂಬುದು ಕೇಳುವ ಧಾಟಿಯಲ್ಲಿಯೇ ತೋರಿಬರುತ್ತದೆ. ಆದರೂ ಉತ್ತರವುಂಟು, ಅದನ್ನು ಹುಡುಕುವುದಕ್ಕೆ ಕಡಲಾಚೆಗೆ ಹೋಗಬೇಕಾದುದೂ ಇಲ್ಲ. ಚಳ್ಳಕೆರೆ ಮೊಳಕಾಲ್ಮುರು ತಾಲ್ಲೂಕುಗಳ ಎಲ್ಲೆಯೊಳಗೆಯೇ ಅದರ ಬಹುಭಾಗವು ದೊರೆಯತಕ್ಕದ್ದಾಗಿದೆ.

ಪ್ರಸ್ತಾಪಕ್ಕೆ ಕಾರಣವಾದ ಸಂಗತಿಯು ಸರ್ವವಿದಿತವಾದುದೇ. ಅಮೆರಿಕಾ ದೇಶದ ಎಚ್.ಬಿ.ಓ. ಸಂಸ್ಥೆಯವರು 2011ರಿಂದ 2019ರ ವರೆಗೆ ‘ಗೇಮ್ ಆಫ್ ಥ್ರೋನ್ಸ್’ ಎಂಬ ಅದ್ಭುತಕಥೆಯನ್ನು ಎಂಟು ಸೀಸನ್ನುಗಳಲ್ಲಿ, ಅಂದರೆ ಎಂಟು ಸುಗ್ಗಿಗಳಲ್ಲಿ, 73 ಕಂತುಗಳಾಗಿ ತೋರಿಸಿದರು. ಜಾರ್ಜ್ ಆರ್. ಆರ್. ಮಾರ್ಟಿನ್ ಎಂಬ ಗ್ರಂಥಕರ್ತನು 1996ರಿಂದ 2011ರ ವರೆಗೆ ಬರೆದ ಐದು ಕಾದಂಬರಿಗಳು ಅದಕ್ಕೆ ಮೂಲ. ಮೂಲವು ಮುಗಿದಿರಲಿಲ್ಲ. ಆಟವು ಗ್ರಂಥವನ್ನು ಹಿಂದೆ ಹಾಕಿ ಮುಂದಕ್ಕೋಡಿತು. ಮೊದಮೊದಲು ಸುಗ್ಗಿಯೊಂದಕ್ಕೆ ಹತ್ತು ಕಂತುಗಳಿದ್ದುದು ಏಳನೆಯದರಲ್ಲಿ ಏಳಾಯಿತು, ಎಂಟನೆಯದರಲ್ಲಿ ಆರಾಯಿತು. ಎಂಟು ವರ್ಷ ಬಂಧಮುಕ್ತಿಯ ಮಾತನಾಡುತ್ತ ಬಂದ ರಾಣಿಯು, ಶರಣಾಗತಿಯ ಗಂಟೆಗಳು ಬಾರಿಸಿದ ಮೇಲೆ, ನಿರಪರಾಧಿಗಳಾದ ಪುರಜನರನ್ನು ತನ್ನ ಅಗ್ನಿಸರ್ಪದಿಂದ ಸುಡಿಸಿದಳು. ಅವಳನ್ನು ಪ್ರೀತಿಸಿದವನೇ ಅವಳನ್ನು ಇರಿದನು. ಸಿಂಹಾಸನದ ಹಂಬಲವೇ ಇಲ್ಲದ ಹುಡುಗನೊಬ್ಬನು ಅರಸನಾದನು. 2019ರ ಮೇ 19ರಂದು ಕಥೆ ಮುಗಿಯಿತು. ಅಷ್ಟರಲ್ಲಾಗಲೇ, ಕಡೆಯ ಸುಗ್ಗಿಯನ್ನು ಬಲ್ಲ ಲೇಖಕರಿಂದ ಹೊಸದಾಗಿ ಬರೆಯಿಸಿ ಮತ್ತೆ ಆಡಿಸಬೇಕೆಂದು ಕೇಳುವ ಮನವಿಯೊಂದು ಹುಟ್ಟಿ, ಅದಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿ ಜನರು ತಮ್ಮ ಹೆಸರು ಸೇರಿಸಿದರು. ಅದೇ ವರ್ಷ ಅದೇ ಸುಗ್ಗಿಗೆ ಎಮ್ಮಿ ಎಂಬ ಅಲ್ಲಿನ ಬಹುಮಾನಗಳು ಹನ್ನೆರಡು ಬಂದುವು. ನೋಡಿದವರ ತೀರ್ಪೊಂದು, ಬಹುಮಾನ ಕೊಟ್ಟವರ ತೀರ್ಪೊಂದು.

ನಗುವವರ ವಾದವನ್ನು ಮೊದಲು ಅದರ ಪೂರ್ಣಬಲದೊಡನೆ ನಿಲ್ಲಿಸಿಕೊಳ್ಳುವುದು ನ್ಯಾಯ. ಕಥೆಯು ಕವಿಯ ಸ್ವತ್ತು. ಅವನು ಅದನ್ನು ತನಗೆ ಬೇಕಾದಲ್ಲಿ ನಿಲ್ಲಿಸಬಹುದು. ಕೊಂಡುಕೊಂಡವನು ಹಣ ತೆತ್ತು ನೋಡಿದನು; ಹಿಡಿಸದಿದ್ದರೆ ಮುಂದಿನದನ್ನು ನೋಡದಿರಲಿ. ಜನದ ಕೂಗಿಗೆ ತಕ್ಕಂತೆ ಕೊನೆಗಳನ್ನು ತಿದ್ದುತ್ತ ಹೋದರೆ ದುಃಖಾಂತವೆಂಬುದೇ ಲೋಕದಲ್ಲಿ ಉಳಿಯಲಾರದು. ಹೀಗೆನ್ನುವವರ ಕಡೆಯ ಮಾತನ್ನು ಯಾರೂ ಅಲ್ಲಗಳೆಯಲಾರರು. ಮೊದಲನೆಯ ಎರಡು ಮಾತುಗಳು ಮಾತ್ರ ಅಂಗಡಿಯ ಮಾತುಗಳು. ಬೇಳೆ ಬೇಯದಿದ್ದರೆ ಬೇರೆ ಅಂಗಡಿಗೆ ಹೋಗು ಎನ್ನುವ ವಿವೇಕವು ಬೇಳೆಯ ವಿಷಯದಲ್ಲಿ ಸರಿ. ಎಂಟು ವರ್ಷ ಕಾದು ಕುಳಿತು, ಹಾದಿಯುದ್ದಕ್ಕೂ ಒಂದೊಂದು ಸುಳುಹನ್ನೂ ಎತ್ತಿಟ್ಟುಕೊಂಡು ಬಂದವನಿಗೆ ಕಥೆಯು ಒಂದು ಮಾತು ಕೊಟ್ಟಿರುತ್ತದೆ. ಕಥೆ ಸುಳ್ಳಾದರೂ ಆ ಮಾತು ಸುಳ್ಳಲ್ಲ.

ಭರತಮುನಿಯ ನಾಟ್ಯಶಾಸ್ತ್ರವು ಇದನ್ನೇ ಸಂಧಿಗಳ ಹೆಸರಿನಿಂದ ಹೇಳಿದೆ. ಮುಖದಲ್ಲಿ ಬಿತ್ತಿದ ಬೀಜವು ಪ್ರತಿಮುಖ, ಗರ್ಭ, ವಿಮರ್ಶಗಳಲ್ಲಿ ಮೊಳೆತು, ಮರೆಯಾಗಿ, ಅಡ್ಡಿಗಳನ್ನು ದಾಟಿ, ನಿರ್ವಹಣದಲ್ಲಿ ಕೈಗೆ ಬರಬೇಕು. ಅನೌಚಿತ್ಯವೊಂದನ್ನು ಬಿಟ್ಟರೆ ರಸಭಂಗಕ್ಕೆ ಬೇರೆ ಕಾರಣವೇ ಇಲ್ಲವೆಂದು ಕಾಶ್ಮೀರದ ಆನಂದವರ್ಧನನು ಸಾವಿರ ವರ್ಷಕ್ಕೂ ಹಿಂದೆಯೇ ನಿರ್ಣಯಿಸಿದ್ದಾನೆ. ಈ ಅಳತೆಗೋಲಿನಿಂದ ನೋಡಿದರೆ, ಆ ರಾಣಿಯ ಕ್ರೌರ್ಯದ ಬೀಜವು ಬಿತ್ತದೆ ಹೋದುದಲ್ಲ. ಶತ್ರುಗಳನ್ನು ಸುಟ್ಟು ಕೊಲ್ಲುವ ಅಭ್ಯಾಸವು ಅವಳಿಗೆ ಮೊದಲಿನಿಂದಲೂ ಇದ್ದಿತು. ಕೊನೆಯು ತಪ್ಪಾದುದಲ್ಲ. ಕೊನೆಗೆ ಹೋಗುವ ದಾರಿಯನ್ನು ಕಡಿದುಹಾಕಿದುದು ತಪ್ಪು. ಗರ್ಭವಿಮರ್ಶಗಳಿಗೆ ಸಲ್ಲಬೇಕಾದ ಕಂತುಗಳನ್ನು ಉಳಿಸಿಕೊಂಡು, ಬೀಜದಿಂದ ನೇರವಾಗಿ ಫಲಕ್ಕೆ ಹಾರಿದರು. ಮನವಿಗೆ ಸಹಿ ಹಾಕಿದವರಲ್ಲಿ ಬಹುಜನರು ಭರತನ ಹೆಸರನ್ನು ಕೇಳಿದವರಲ್ಲ. ಆದರೂ ಅವರ ಎದೆಗೆ ತಗಲಿದ ಪೆಟ್ಟು ಭರತನು ಹೇಳಿದ ಜಾಗದಲ್ಲಿಯೇ ತಗಲಿತು. ಇದನ್ನು ರಸಿಕತೆಯೆನ್ನದೆ ಹುಚ್ಚೆಂದು ಕರೆಯುವುದು ವಿದ್ಯೆಯ ಲಕ್ಷಣವಲ್ಲ.

ಬಿ.ಜಿ. ಕೆರೆಯ ಸೀಮೆಯಲ್ಲಿ ಬಯಲಾಟವನ್ನು ಕಂಡವರಿಗೆ ಈ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಸುಗ್ಗಿ ತೀರಿದ ಮೇಲೆ ಬಯಲಲ್ಲಿ ಅಟ್ಟ ಕಟ್ಟುತ್ತಾರೆ. ಮದ್ದಳೆ, ಮುಖವೀಣೆಗಳ ನಡುವೆ ಭಾಗವತನು ಪದವೆತ್ತುತ್ತಾನೆ. ಸಾರಥಿಯು ಬಂದ ಬಂದ ವೇಷವನ್ನು ಹೆಸರು ಕೇಳುತ್ತಾನೆ. ಕಿರೀಟ ಭುಜಕೀರ್ತಿಗಳ ಭಾರದಲ್ಲಿ ಒಕ್ಕಲು ಮಕ್ಕಳೇ ಅರ್ಜುನರೂ ಕರ್ಣರೂ ಆಗುತ್ತಾರೆ. ರಾತ್ರಿಯೆಲ್ಲ ಕುಳಿತವರಿಗೆ ಕೊನೆಯು ಮೊದಲೇ ಗೊತ್ತು. ಕರ್ಣನು ಸಾಯುವನೆಂಬುದನ್ನು ತಿಳಿಯಲೆಂದು ಯಾರೂ ಚಾಪೆ ಹಿಡಿದು ಬರುವುದಿಲ್ಲ. (ಕೊನೆಯನ್ನು ಯಾರೋ ಮೊದಲೇ ಹೇಳಿಬಿಟ್ಟರೆಂದು ಸ್ನೇಹವನ್ನೇ ಮುರಿದುಕೊಳ್ಳುವ ಈಗಿನ ತರುಣರು ಇದನ್ನು ಸ್ವಲ್ಪ ಆಲೋಚಿಸಬಹುದು.) ಆದರೆ ಹೊತ್ತಾಯಿತೆಂದು ಭಾಗವತನು ನಾಲ್ಕು ಪದ ನುಂಗಿ, ಕರ್ಣನ ರಥದ ಗಾಲಿ ಹೂಳುವುದಕ್ಕೆ ಮುನ್ನವೇ ಅವನನ್ನು ಕೆಡವಿಬಿಟ್ಟರೆ, ಆ ಪದಗಳನ್ನು ಬಾಯಿಪಾಠ ಬಲ್ಲ ಹಿರಿಯರು ಸುಮ್ಮನಿರುವುದಿಲ್ಲ. ಆ ಗೊಣಗಾಟವನ್ನು ಅಟ್ಟದ ಮೇಲಿರುವವನು ಕೇಳಿಸಿಕೊಳ್ಳಲೇಬೇಕು, ಏಕೆಂದರೆ ಬೆಳಗಾದರೆ ಅವನು ಅದೇ ಬೀದಿಯಲ್ಲಿ ನೀರು ತರಬೇಕಾದವನು. ಬಯಲಾಟವು ಪ್ರೇಕ್ಷಕನಿಗೆ ಕೊಟ್ಟ ಅಧಿಕಾರವು ಇಷ್ಟೆ: ಕೊನೆಯನ್ನು ಬದಲಿಸುವ ಅಧಿಕಾರವಲ್ಲ, ಕೊನೆಗೆ ಸಲ್ಲಬೇಕಾದ ಪದಗಳನ್ನು ಕೇಳಿ ಪಡೆಯುವ ಅಧಿಕಾರ.

ಇಷ್ಟರಿಂದಲೇ ಮಾತು ಮುಗಿಯುವುದಾಗಿದ್ದರೆ ವಿವಾದವು ಬರಿಯ ಅಲಂಕಾರಶಾಸ್ತ್ರದ್ದಾಗುತ್ತಿತ್ತು. ಕೆಲವು ಮುಗಿತಾಯಗಳಲ್ಲಿ ಅದಕ್ಕಿಂತ ದೊಡ್ಡದೊಂದು ಸಿಕ್ಕಿಕೊಂಡಿರುತ್ತದೆ. ರಮಾನಂದ ಸಾಗರರ ‘ರಾಮಾಯಣ’ ಧಾರಾವಾಹಿಯು ದೂರದರ್ಶನದಲ್ಲಿ 1987ರ ಜನವರಿ 25ರಂದು ಮೊದಲಾಗಿ, 78 ಕಂತುಗಳನ್ನು ದಾಟಿ, 1988ರ ಜುಲೈ 31ರಂದು ಮುಗಿಯಿತು. ಭಾಷೆಯು ಹಿಂದಿಯಾದರೂ ಕನ್ನಡದ ಊರುಗಳಲ್ಲಿ ಭಾನುವಾರದ ಬೆಳಗ್ಗೆ ಬೀದಿಗಳು ಬರಿದಾಗುತ್ತಿದ್ದುವು. ಪೆಟ್ಟಿಗೆಯಿದ್ದ ಮನೆಯ ನಡುಮನೆಯು ಊರವರೆಲ್ಲರದೂ ಆಗುತ್ತಿತ್ತು. ರಾವಣನು ಬಿದ್ದನು, ಅಯೋಧ್ಯೆಯಲ್ಲಿ ಪಟ್ಟಾಭಿಷೇಕವಾಯಿತು, ಮಂಗಳ ಹಾಡಿದರು. ಪಾರಾಯಣದ ಪದ್ಧತಿಯನ್ನು ಬಲ್ಲವರಿಗೆ ಇದು ಸರಿಯಾದ ಕೊನೆಯೇ; ಪಟ್ಟಾಭಿಷೇಕಕ್ಕೆ ನಿಲ್ಲಿಸಿ ಪಾನಕ ಕೋಸಂಬರಿ ಹಂಚುವುದು ಮನೆಮನೆಯ ರೂಢಿ. ಉತ್ತರಕಾಂಡವು ಪ್ರಕ್ಷಿಪ್ತವೆನ್ನುವ ಪಂಡಿತರೂ ಬಹುಜನವುಂಟು. ಹೀಗಿರುವಾಗ ಪಂಜಾಬದ ಜಲಂಧರದಲ್ಲಿ, ಅನಂತರ ಉತ್ತರದೇಶದ ಬೇರೆ ಪಟ್ಟಣಗಳಲ್ಲಿ, ಪೌರಕಾರ್ಮಿಕರು ಪೊರಕೆಯನ್ನು ಕೆಳಗಿಟ್ಟರು. ಕಥೆಯನ್ನು ಮುಂದುವರಿಸಿ ಉತ್ತರಕಾಂಡವನ್ನು ತೋರಿಸಿದ ಹೊರತು ಬೀದಿ ಗುಡಿಸುವುದಿಲ್ಲವೆಂದರು.

ಆಗಲೂ ನಕ್ಕವರುಂಟು. ಟೆಲಿವಿಷನ್ನಿನ ಆಟಕ್ಕಾಗಿ ಮುಷ್ಕರವೇ ಎಂದರು. ಕಸವು ಬೀದಿಯಲ್ಲಿ ಕೊಳೆತು ರೋಗಭಯವು ತೋರಿದಾಗ ನಗೆ ನಿಂತಿತು, ಸರ್ಕಾರವು ಮಣಿಯಿತು, 1988-89ರಲ್ಲಿ ‘ಉತ್ತರ ರಾಮಾಯಣ’ವು ಪ್ರಸಾರವಾಯಿತು. ಆದರೆ ನಕ್ಕವರಿಗೆ ಆ ಜನರು ಕೇಳಿದುದೇನೆಂಬುದು ಆಗಲೂ ಅರ್ಥವಾಗಲಿಲ್ಲ, ಬಹುಶಃ ಈಗಲೂ ಆಗಿಲ್ಲ. ಆ ಕಾರ್ಮಿಕರು ವಾಲ್ಮೀಕಿಯನ್ನು ತಮ್ಮ ಕುಲಗುರುವೆಂದು ನಂಬಿದವರು. ಬಾಲಕಾಂಡದ ಮೊದಲಿಗೆ ಕ್ರೌಂಚವಧೆಯ ಪ್ರಸಂಗವನ್ನು ಬಿಟ್ಟರೆ, ವಾಲ್ಮೀಕಿಯು ತನ್ನ ಕಥೆಯೊಳಗೆ ತಾನೇ ಕಾಲಿಡುವುದು ಉತ್ತರಕಾಂಡದಲ್ಲಿ. ಅರಸನು ಕಾಡಿಗಟ್ಟಿದ ಬಸುರಿಗೆ ನೆರಳು ಕೊಟ್ಟವನು, ಕುಶಲವರನ್ನು ಸಾಕಿ ಅವರ ಬಾಯಿಗೆ ಕಾವ್ಯವನ್ನಿಟ್ಟವನು, ರಾಜಸಭೆಯಲ್ಲಿ ನಿಂತು ಸೀತೆಯ ನಿಷ್ಕಳಂಕತೆಗೆ ತನ್ನ ತಪಸ್ಸನ್ನೇ ಪಣವಿಟ್ಟವನು, ಎಲ್ಲವೂ ಅಲ್ಲಿಯೇ. ಪಟ್ಟಾಭಿಷೇಕಕ್ಕೆ ಕಥೆಯನ್ನು ಕಡಿದರೆ ಅರಸನು ಉಳಿಯುತ್ತಾನೆ, ಕವಿಯು ಹೊರಗಾಗುತ್ತಾನೆ. ಲಕ್ಷಾಂತರ ಮನೆಗಳಲ್ಲಿ ಒಂದೇ ಗಳಿಗೆಯಲ್ಲಿ ಕಾಣಿಸಿಕೊಂಡ ಕಥೆಯಿಂದ ತಮ್ಮವನು ಹೊರಗುಳಿದನೆಂದು ಬೀದಿ ಗುಡಿಸುವವರು ನೊಂದರೆ ಅದು ಆಟದ ಹುಚ್ಚಲ್ಲ. ಕಥೆಯು ಎಲ್ಲಿ ಮುಗಿಯಬೇಕೆಂಬ ಪ್ರಶ್ನೆಯಲ್ಲಿ ಕಥೆಯು ಯಾರದು ಎಂಬ ಪ್ರಶ್ನೆಯು ಅಡಗಿದೆ.

ಮೊಳಕಾಲ್ಮುರು, ಚಳ್ಳಕೆರೆ ಸೀಮೆಯ ವಾಚಕರಿಗೆ ಇದು ದೂರದ ವಾರ್ತೆಯಲ್ಲ. ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲಾದುವು. ನಾಯಕ ಜನಾಂಗದವರ ನೆಲವಿದು, ವಾಲ್ಮೀಕಿಯ ಜಯಂತಿಯು ಊರೂರಿನ ಹಬ್ಬ. ಇದೇ ತಾಲ್ಲೂಕಿನ ಜಟಂಗಿ ರಾಮೇಶ್ವರದ ಬೆಟ್ಟದಲ್ಲಿ ಅಶೋಕನ ಶಾಸನವಿರುವುದನ್ನು ಇತಿಹಾಸಜ್ಞರು ಬಲ್ಲರು. ಜನರು ಮಾತ್ರ ಅದನ್ನು ಜಟಾಯುವು ರಾವಣನ ಕತ್ತಿಗೆ ಬಿದ್ದ ಬೆಟ್ಟವೆಂದೇ ಹೇಳುತ್ತ ಬಂದಿದ್ದಾರೆ. ಮಹಾಕಾವ್ಯದಲ್ಲಿ ಜಟಾಯುವಿಗೆ ದೊರೆತುದು ನಡುದಾರಿಯ ಕೆಲವು ಸರ್ಗಗಳು. ಇಲ್ಲಿಯ ಜನರು ಅವನಿಗೆ ಒಂದು ಬೆಟ್ಟವನ್ನೇ ಕೊಟ್ಟರು.

ಕವಿಯ ಸ್ವಾತಂತ್ರ್ಯವೆಂಬ ಮಾತಿಗೆ ಈಗ ಬರಬಹುದು. ಕನ್ನಡ ಸಾಹಿತ್ಯದಲ್ಲಿ ಈ ಸ್ವಾತಂತ್ರ್ಯಕ್ಕೆ ಎಂದೂ ಬರವಿರಲಿಲ್ಲ. ಪಂಪನು 941ರಲ್ಲಿ ಭಾರತವನ್ನು ಹೇಳಿದಾಗ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಕೊಟ್ಟನು. ಕೊನೆಯ ಪಟ್ಟವನ್ನು ಧರ್ಮರಾಯನಿಗಲ್ಲದೆ ಅರ್ಜುನನಿಗೂ ಸುಭದ್ರೆಗೂ ಕಟ್ಟಿದನು. ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದ ಮೇಲೆ ಬೇರೆ ದಾರಿಯಿರಲಿಲ್ಲ. ಆದರೂ ಪಂಪನು ತನ್ನ ಕೊನೆಗೆ ಮೊದಲ ಆಶ್ವಾಸದಿಂದಲೇ ನೆಲ ಹದಮಾಡಿಕೊಂಡು ಬಂದವನು. ಕುಮಾರವ್ಯಾಸನು ಗದಾಪರ್ವಕ್ಕೆ, ಹತ್ತು ಪರ್ವಗಳಿಗೆ, ಲೇಖನಿಯನ್ನು ಕೆಳಗಿಟ್ಟನು. ಉಳಿದುದು ಬೇಕೆಂಬ ಹಂಬಲವು ಕನ್ನಡಿಗರಲ್ಲಿ ತಣಿಯಲಿಲ್ಲ. ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿಯು ಮುಂದಿನ ಪರ್ವಗಳನ್ನು ಬರೆದು ಪೂರೈಸಿದನು. ಆದರೆ ಮಳೆಗಾಗಿ ವಿರಾಟಪರ್ವವನ್ನು ಓದಿಸುವ ಒಣಸೀಮೆಯ ಹಳ್ಳಿಗಳಲ್ಲಿ ಇಂದಿಗೂ ನಾಲಗೆಯ ಮೇಲಿರುವುದು ಗದುಗಿನವನ ಪದ್ಯವೇ ಹೊರತು ತಿಮ್ಮಣ್ಣನದಲ್ಲ. ಮತ್ತೊಬ್ಬ ಲೇಖಕನಿಂದ ಕೊನೆಯನ್ನು ಬರೆಯಿಸಿರೆಂದು ಸಹಿ ಹಾಕಿದ ಲಕ್ಷಾಂತರ ಜನರು ತಿಮ್ಮಣ್ಣನ ಗತಿಯನ್ನು ತಿಳಿದಿರುವುದು ಒಳ್ಳೆಯದು. ಬೇಡಿಕೆಯಿಂದ ಹುಟ್ಟಿದ ಕೊನೆಯು ಹಂಬಲವನ್ನು ತೀರಿಸಬಹುದು. ಮನಸ್ಸಿನಲ್ಲಿ ನಿಲ್ಲುವುದು ಅಪರೂಪ. ಈ ಒಂದು ವಿಷಯದಲ್ಲಿ ನಗುವವರ ಪಕ್ಷಕ್ಕೇ ಜಯ.

ಆದರೆ ಮುನಿಸನ್ನು ಗೌರವಿಸುವ ಬಗೆ ಬೇರೆಯುಂಟು. ಕುವೆಂಪು ಅವರು 1944ರಲ್ಲಿ ‘ಶೂದ್ರತಪಸ್ವಿ’ ನಾಟಕವನ್ನು ಪ್ರಕಟಿಸಿದರು. ಉತ್ತರಕಾಂಡದ ಶಂಬೂಕನು ಅಲ್ಲಿ ಸಾಯುವುದಿಲ್ಲ. ರಾಮನ ಅಸ್ತ್ರವು ತಪಸ್ವಿಯನ್ನು ಬಿಟ್ಟು ಅವನ ವಧೆಯನ್ನು ಬಯಸಿದ ಬ್ರಾಹ್ಮಣನನ್ನೇ ಬೆನ್ನಟ್ಟುತ್ತದೆ. ಮೂಲದ ಕೊನೆಯು ತಲೆಕೆಳಗಾಯಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರಿಗೆ ಇದು ಒಪ್ಪಿಗೆಯಾಗಲಿಲ್ಲ. ಪುರಾಣದ ಕಥೆಯನ್ನು ಹೀಗೆ ಮಾರ್ಪಡಿಸುವುದು ಯುಕ್ತವಲ್ಲವೆಂದು ಅವರು ಆಕ್ಷೇಪಿಸಿದರು. ಕುವೆಂಪು ಅವರು ತಮ್ಮ ಇನ್ನೊಂದು ನಾಟಕವಾದ ‘ಬೆರಳ್‌ಗೆ ಕೊರಳ್’ಗೆ ಬರೆದ ಮುನ್ನುಡಿಯಲ್ಲಿ ಉತ್ತರ ಕೊಟ್ಟರು. ಮಾಸ್ತಿಯವರ ಮುನಿಸೂ ಒಬ್ಬ ಓದುಗನ ಮುನಿಸೇ. ಕಟ್ಟುಕಥೆಗೆ ಕೋಪವೇ ಎಂದು ಅವರನ್ನು ಯಾರೂ ಹಾಸ್ಯಮಾಡಲಿಲ್ಲ. ಕವಿಯು ತನ್ನ ಸ್ವಾತಂತ್ರ್ಯದ ಹಿಂದೆ ಅಡಗಿಕೊಳ್ಳದೆ, ಬದಲಾಯಿಸಿದುದೇಕೆಂಬುದಕ್ಕೆ ಕಾರಣ ಹೇಳಿದನು. 1949ರಲ್ಲಿ ‘ಶ್ರೀ ರಾಮಾಯಣ ದರ್ಶನಂ’ ಬಂದಾಗ ಸೀತೆಯೊಡನೆ ರಾಮನೂ ಅಗ್ನಿಯನ್ನು ಹೊಕ್ಕನು. ಆ ಮಹಾಕಾವ್ಯವು ಅರ್ಪಿತವಾಗಿರುವುದು ಕುವೆಂಪು ಅವರ ಗುರುಗಳಾದ ಟಿ. ಎಸ್. ವೆಂಕಣ್ಣಯ್ಯನವರಿಗೆ. ಅವರು ತಳುಕಿನವರು, ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಮೊದಲು ಅವರ ಊರು, ಆಮೇಲೆ ಬಿ.ಜಿ. ಕೆರೆ.

ಅದೇ ತಳುಕಿನ ಮನೆತನದವರು ತ. ರಾ. ಸುಬ್ಬರಾಯರು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ಚಲನಚಿತ್ರವನ್ನು ಮಾಡಿದರು. ಚಿತ್ರದುರ್ಗದ ಬಂಡೆಗಳನ್ನು ನಾಡಿಗೆಲ್ಲ ಪರಿಚಯಮಾಡಿಕೊಟ್ಟ ಚಿತ್ರವದು. ಜನರು ಮೆಚ್ಚಿ ಮುಗಿಬಿದ್ದರು, ಗ್ರಂಥಕರ್ತರು ಮೆಚ್ಚಲಿಲ್ಲ. ತಮ್ಮ ನಾಗರವು ಕೇರೆಯಾಯಿತೆಂದು ಅವರು ನೊಂದುಕೊಂಡರೆಂಬುದನ್ನು ಕನ್ನಡ ಚಿತ್ರಪ್ರಿಯರೆಲ್ಲರೂ ಕೇಳಿದ್ದಾರೆ. ಕಥೆಯು ಕವಿಯ ಸ್ವತ್ತೆನ್ನುವವರು ಇಲ್ಲಿ ಯಾವ ಕವಿಯ ಪಕ್ಷವನ್ನು ಹಿಡಿಯುವರು? ಬರೆದವರದೋ, ಚಿತ್ರಿಸಿದವರದೋ? ‘ಗೇಮ್ ಆಫ್ ಥ್ರೋನ್ಸ್’ನ ಕೊನೆಯಲ್ಲಂತೂ ಬರೆದವನು ಇನ್ನೂ ಬರೆದೇ ಇರಲಿಲ್ಲ. ಅದರ ಪೂರ್ವಕಥೆಯಾದ ‘ಹೌಸ್ ಆಫ್ ದಿ ಡ್ರ್ಯಾಗನ್’ನ ಎರಡನೆಯ ಸುಗ್ಗಿಯು 2024ರ ಆಗಸ್ಟ್ 4ರಂದು ಎಂಟೇ ಕಂತುಗಳಿಗೆ ನಿಂತಾಗ ಸೈನ್ಯಗಳು ಹೊರಟಿದ್ದುವು, ಯುದ್ಧವು ಮಾತ್ರ ಮುಂದಿನ ಸುಗ್ಗಿಗೆ ಹೋಯಿತು. ಉದ್ಯೋಗಪರ್ವವನ್ನು ಓದಿಸಿ ಮಂಗಳಾರತಿ ಎತ್ತಿದಂತಾಯಿತೆಂದು ನೋಡಿದವರು ಗೊಣಗಿದರೆ ಆಶ್ಚರ್ಯವಿಲ್ಲ. ಕೆಲವು ವಾರಗಳಲ್ಲಿ ಮಾರ್ಟಿನ್ ಮಹಾಶಯನೇ ಆಟದವರು ತನ್ನ ಕಥೆಯಲ್ಲಿ ಮಾಡಿದ ಮಾರ್ಪಾಡುಗಳನ್ನು ಬಹಿರಂಗವಾಗಿ ಆಕ್ಷೇಪಿಸಿ ಬರೆದು, ಬೇಗನೆ ಆ ಬರೆಹವನ್ನು ತೆಗೆದುಹಾಕಿದನು. ಕವಿಯೇ ಪ್ರೇಕ್ಷಕರ ಸಾಲಿನಲ್ಲಿ ಕುಳಿತು ಗೊಣಗುವ ಕಾಲವಿದು. ಹಣ ಹೂಡಿದ ಸಂಸ್ಥೆ, ಅವಸರಪಡುವ ನಿರ್ಮಾಪಕ, ಕಂತುಗಳ ಲೆಕ್ಕ, ಇವೆಲ್ಲವನ್ನೂ ಒಟ್ಟುಮಾಡಿ ಅದಕ್ಕೆ ಕವಿಸ್ವಾತಂತ್ರ್ಯವೆಂಬ ಮಡಿಯನ್ನುಡಿಸುವುದು ಸರಸ್ವತಿಗೆ ಮಾಡುವ ಅಪಚಾರ.

ಮುನಿದವರೆಲ್ಲರೂ ಸಾಧುಗಳೆಂದು ಇದರಿಂದ ತಿಳಿಯಬಾರದು. ವೇಷ ಹಾಕಿದ ನಟಿಯನ್ನು ಬೈಯುವವರು, ಬರೆದವನಿಗೆ ಬೆದರಿಕೆ ಹಾಕುವವರು, ತಾವು ಬಯಸಿದವನಿಗೆ ಪಟ್ಟವಾಗಲಿಲ್ಲವೆಂದೇ ಕಥೆಯೆಲ್ಲವನ್ನೂ ಹಳಿಯುವವರು ರಸಿಕರಲ್ಲ. ಕೌರವನ ವೇಷಧಾರಿಗೆ ಕಲ್ಲೆಸೆಯುವವನನ್ನು ಬಯಲಾಟದ ಹಿರಿಯರೇ ಎಬ್ಬಿಸಿ ಕಳುಹಿಸುತ್ತಾರೆ. ಲಂಡನ್ನಿನ ಕಾನನ್ ಡಾಯಲನು 1893ರಲ್ಲಿ ತನ್ನ ಪತ್ತೇದಾರನನ್ನು ಜಲಪಾತಕ್ಕೆ ಕೆಡವಿದಾಗ ಓದುಗರು ಸಿಟ್ಟಾದರು. ಹತ್ತು ವರ್ಷಗಳ ಮೇಲೆ ಅವನು ಪತ್ತೇದಾರನನ್ನು ಬದುಕಿಸಿಕೊಂಡನು. ಓದುಗರು ಗೆದ್ದರು; ಆದರೆ ಸತ್ತವನು ಸತ್ತೇ ಇರಲಿಲ್ಲವೆಂಬ ವಿವರಣೆಯು ಆ ಗೆಲುವಿಗೆ ತೆತ್ತ ಬೆಲೆಯಾಯಿತು. ಇಂಥ ಗೆಲುವುಗಳನ್ನು ಯಾರೂ ಬಯಸಬೇಕಾಗಿಲ್ಲ.

ನಿಜವಾಗಿ ಖಂಡಿಸತಕ್ಕ ವಿಷಯವು ಮನೆಗೆ ಇನ್ನೂ ಸಮೀಪದಲ್ಲಿದೆ. ಇಂಗ್ಲಿಷಿನ ಅಗ್ನಿಸರ್ಪಗಳ ಕೊನೆಯನ್ನು ಕುರಿತು ಊಟದ ಮಣೆಯ ಮೇಲೆ ಗಂಟೆಗಟ್ಟಲೆ ವಾದಿಸುವ ವಿದ್ಯಾವಂತ ಕುಟುಂಬಗಳು ಕನ್ನಡ ಧಾರಾವಾಹಿಗಳ ಕೊನೆಯನ್ನು ಕುರಿತು ಒಂದು ಮಾತನ್ನೂ ಆಡುವುದಿಲ್ಲ. ಸಂಜೆಯಾದರೆ ಅದೇ ಮನೆಗಳಲ್ಲಿ ಅಜ್ಜಿಯಿಂದ ಮೊಮ್ಮಗಳವರೆಗೆ ಅವುಗಳನ್ನು ನೋಡದವರಿಲ್ಲ. ನಾಗಿಣಿಯು ಹೆಣ್ಣಾಗಿ ಬಂದು ಹಗೆ ತೀರಿಸಿಕೊಳ್ಳುವ ಕಥೆಗಳು ವರ್ಷಗಟ್ಟಲೆ ನಡೆಯುತ್ತವೆ. ನೋಡುವವರ ಲೆಕ್ಕವು ಏರಿದಾಗ ಕಥೆಯನ್ನು ಎಳೆಯುತ್ತಾರೆ. ಸತ್ತವರು ಬರುತ್ತಾರೆ, ಇದ್ದವರು ನೆನಪು ಕಳೆದುಕೊಳ್ಳುತ್ತಾರೆ. ಲೆಕ್ಕವು ಇಳಿದಾಗ ಮೂರು ವರ್ಷದ ಗಂಟನ್ನು ಮೂರು ದಿನದಲ್ಲಿ ಕತ್ತರಿಸಿ, ಎಲ್ಲರನ್ನೂ ಒಂದು ಅಂಗಳದಲ್ಲಿ ನಿಲ್ಲಿಸಿ ನಗಿಸಿ, ತೆರೆಯೆಳೆಯುತ್ತಾರೆ. ಇದರಲ್ಲಿ ಬೀಜವಿಲ್ಲ, ಗರ್ಭವಿಲ್ಲ, ನಿರ್ವಹಣವಿಲ್ಲ. ಬಯಲಾಟದಲ್ಲಿ ನಾಲ್ಕು ಪದ ನುಂಗಿದ ಭಾಗವತನನ್ನು ಬಿಡದ ಸೀಮೆಯು ಇದನ್ನು ಏಕೆ ಬಿಟ್ಟುಕೊಟ್ಟಿತು? ಅವೇನು, ಹೆಂಗಸರು ನೋಡುವ ಆಟಗಳು, ಎಂದು ಗಂಡಸರು ಹೇಳುತ್ತಾರೆ. ಸೀತಾಪರಿತ್ಯಾಗದ ಕಥೆಯನ್ನು ಲಕ್ಷ್ಮೀಶನ ಜೈಮಿನಿಯಲ್ಲಿ ಓದಿಸಿಕೇಳಿ ಕಣ್ಣೀರು ಹಾಕಿ, ರಾಮನನ್ನು ಬಾಯ್ತುಂಬ ಬೈದು, ಮರುದಿನ ಅವನಿಗೇ ದೀಪ ಹಚ್ಚುತ್ತಿದ್ದವರು ಯಾರೆಂಬುದನ್ನು ಆ ಗಂಡಸರು ಮರೆತಿದ್ದಾರೆ. ಕಥೆಯ ನ್ಯಾಯಾನ್ಯಾಯವನ್ನು ತೂಗುವ ತಕ್ಕಡಿಯು ಈ ನಾಡಿನಲ್ಲಿ ಬಹುಕಾಲ ಅವರ ಕೈಯಲ್ಲಿಯೇ ಇದ್ದಿತು.

ಅಟ್ಟದ ಮೇಲಿದ್ದವನಿಗೆ ಕೇಳಿಸುತ್ತಿದ್ದ ಗೊಣಗಾಟವು ಪೆಟ್ಟಿಗೆಯೊಳಗಿರುವವನಿಗೆ ತಾನಾಗಿ ಕೇಳಿಸಲಾರದು, ನಿಜ. ಕೇಳಿಸುವಂತೆ ಬರೆಯಬಲ್ಲವರು, ಪತ್ರಿಕೆಗಳನ್ನು ತರಿಸುವವರು, ಸಾಹಿತ್ಯಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುವವರು, ಪರದೇಶದ ಮುನಿಸನ್ನು ಕಂಡು ನಗುತ್ತ ಕಾಲ ಕಳೆಯುತ್ತಿದ್ದಾರೆ. ಶುಕ್ರವಾರ ಕನ್ನಡದ ಒಂದು ಕಥೆಯು ಅಡ್ಡಾದಿಡ್ಡಿಯಾಗಿ ಮುಗಿಯುತ್ತದೆ. ಸೋಮವಾರ ಅದೇ ಗಂಟೆಗೆ ಅದೇ ಪೀಠದಲ್ಲಿ ಇನ್ನೊಂದು ಕಥೆಯು ಬಂದು ಕೂರುತ್ತದೆ, ಮತ್ತು ಹೋದುದೇಕೆ ಹಾಗೆ ಹೋಯಿತೆಂದು ಕೇಳುವ ಒಂದು ಕಾಗದವೂ ಯಾರ ಮನೆಯಿಂದಲೂ ಹೊರಡುವುದಿಲ್ಲ.